ಕಪ್ಪು ಮಕ್ಕಳು ಗಿಫ್ಟೆಡ್ ಕ್ಲಾಸಿಗೆ ಬಂದರೆ ಮಟ್ಟ ಇಳಿಯುತ್ತದೆಯೇ?

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಗಿಫ್ಟೆಡ್ ಕ್ಲಾಸಿನಲ್ಲಿ, ಅಂದರೆ ಹೆಚ್ಚು ಜಾಣ ಮಕ್ಕಳ ವಿಶೇಷ ತರಗತಿಯಲ್ಲಿ, ಕಪ್ಪು ಮಕ್ಕಳು ಕಡಿಮೆ ಅಂತ ನಮ್ಮ ಸರ್ಕಾರಿ ಶಾಲೆ ಆಯ್ಕೆಯ ಕ್ರಮವನ್ನೇ ಬದಲಿಸುತ್ತಿದೆ. ಮಟ್ಟ ಇಳಿದು ನಮ್ಮ ಮಗಳಿಗೆ ನಷ್ಟ ಆಗುವುದಿಲ್ವಾ?

ಉತ್ತರ: ಇದನ್ನು ಕೇಳುವ ಕನ್ನಡದ ಅಪ್ಪ-ಅಮ್ಮಂದಿರು ಒಬ್ಬಿಬ್ಬರಲ್ಲ. ಮಟ್ಟ ಇಳಿಯುತ್ತದೆ ಅಂತ ಮೊದಲೇ ತೀರ್ಮಾನಿಸಿ ಕೇಳುತ್ತಾರೆ. ನನಗೆ ಬೇಸರ ಅದಕ್ಕೇ.

ಫ್ಲಾರಿಡಾ ರಾಜ್ಯದ ಬ್ರೋವರ್ಡ್ ಕೌಂಟಿಯನ್ನು (ಜಿಲ್ಲೆಯನ್ನು) ನೋಡಿ. ಅಲ್ಲಿ ಮೊದಲು ಟೀಚರೋ ಪೋಷಕರೋ ಹೆಸರು ಹೇಳಿದ ಮಗುವಿಗಷ್ಟೇ ಐಕ್ಯೂ ಪರೀಕ್ಷೆ. ದುಡ್ಡಿದ್ದವರು ಹೊರಗೆ ಖಾಸಗಿಯಾಗಿಯೂ ಮಾಡಿಸಬಹುದಿತ್ತು. 2005ರಲ್ಲಿ ಎರಡನೇ ಕ್ಲಾಸಿನ ಎಲ್ಲ ಮಕ್ಕಳಿಗೂ ಒಂದು ಸಣ್ಣ ಪರೀಕ್ಷೆ ಕೊಡಲು ಶುರು ಮಾಡಿದರು. ಅದರಲ್ಲಿ ಓದುವ ಪಾಠವಿಲ್ಲ, ಬರೀ ಆಕೃತಿಗಳು. ಚೆನ್ನಾಗಿ ಮಾಡಿದವರಿಗೆ ಶಾಲೆಯ ಖರ್ಚಿನಲ್ಲೇ ಪೂರ್ತಿ ಐಕ್ಯೂ ಪರೀಕ್ಷೆ. ಬೇಕಾದ ಅಂಕ ಮೊದಲಿನಂತೆಯೇ 130. ಬಡ ಮಕ್ಕಳಿಗೂ ಇಂಗ್ಲಿಷ್ ಇನ್ನೂ ಕಲಿಯುತ್ತಿರುವವರಿಗೂ 116. ಅದೂ ಹಳೆಯ ನಿಯಮವೇ. ಎರಡನ್ನೂ ಯಾರೂ ಮುಟ್ಟಲಿಲ್ಲ.

ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ಲೆಕ್ಕ ಹಾಕಿದಾಗ, ಗಿಫ್ಟೆಡ್ ಎಂದು ಆಯ್ಕೆಯಾಗುವ ಕಪ್ಪು ಮಕ್ಕಳ ಪ್ರಮಾಣ 80 ಪರ್ಸೆಂಟ್ ಏರಿತ್ತು. ಆ ಜಾಣ ಮಕ್ಕಳು ಅದೇ ಬೆಂಚುಗಳಲ್ಲಿ ಕೂತಿದ್ದರು. ಅವರ ಹೆಸರು ಹೇಳುವವರು ಇರಲಿಲ್ಲ, ಅಷ್ಟೇ. 2010ರಲ್ಲಿ ದುಡ್ಡಿಲ್ಲ ಅಂತ ಎಲ್ಲರ ಪರೀಕ್ಷೆ ನಿಲ್ಲಿಸಿದರು. ಕಪ್ಪು ಮಕ್ಕಳಿಗೂ ಬಿಳಿ ಮಕ್ಕಳಿಗೂ ಇದ್ದ ಹಳೆಯ ಅಂತರ ಅಷ್ಟೇ ದೊಡ್ಡದಾಗಿ ವಾಪಸ್ ಬಂತು. ಇದು ನನಗೆ ಇವತ್ತಿಗೂ ಸಂಕಟದ ವಿಷಯ.

ಇನ್ನು ನಷ್ಟದ ಮಾತು. ಅದೇ ಜಿಲ್ಲೆಯಲ್ಲಿ ಗಿಫ್ಟೆಡ್ ಕ್ಲಾಸಿನ ಉಳಿದ ಸೀಟುಗಳನ್ನು ಹಿಂದಿನ ವರ್ಷ ಹೆಚ್ಚು ಅಂಕ ಪಡೆದವರಿಗೆ ಕೊಡುತ್ತಿದ್ದರು. ಹಾಗೆ ಒಳಗೆ ಬಂದ ಕಪ್ಪು ಮಕ್ಕಳು ಗಣಿತದಲ್ಲೂ ಓದಿನಲ್ಲೂ ತುಂಬ ಮುಂದೆ ಹೋದರು. ಹೊರಗೆ ಉಳಿದವರ ಕಲಿಕೆ ಕುಗ್ಗಲಿಲ್ಲ.

ಶಾಲಾ ಮಂಡಳಿಯ ಸಭೆಗೆ ಹೋಗಿ. ಪರೀಕ್ಷೆ ಎಲ್ಲ ಮಕ್ಕಳಿಗೂ ಆಗುತ್ತದಾ, ಮುಂದಿನ ವರ್ಷಕ್ಕೂ ದುಡ್ಡು ಇದೆಯಾ ಅಂತ ಕೇಳಿ. ಹಾಗಂತ ಏಳು ವರ್ಷದ ಮಗುವಿಗೆ ಒಂದೇ ದಿನದ ಅಂಕದಿಂದ ಹಣೆಪಟ್ಟಿ ಹಚ್ಚುವುದು ನನಗೆ ಹಿಡಿಸುವುದಿಲ್ಲ. ನಿಮ್ಮ ಮಗಳಿಗೂ ಬೇಡ.

ಪ್ರಶ್ನೆ: ಐಕ್ಯೂ ಹೆಚ್ಚಿಸುವ ಕೋಚಿಂಗ್‌ಗೆ ಸೇರಿಸಲೇ?

ಉತ್ತರ: ಬೇಡ. ಐಕ್ಯೂ ಹೆಚ್ಚಿಸುತ್ತೇವೆ ಅನ್ನುವವರು ಮಾರುವುದು ನಿಮ್ಮ ಭಯವನ್ನು.

ಪ್ರಶ್ನೆ: ಕಪ್ಪು ಟೀಚರ್ ಇದ್ದರೆ ನಿಜಕ್ಕೂ ವ್ಯತ್ಯಾಸ ಆಗುತ್ತದಾ?

ಉತ್ತರ: ಆಗುತ್ತದೆ. ಟೆನಸೀ ರಾಜ್ಯದ ಮಾಹಿತಿ ಇದೆ: ಮೂರನೇ ಕ್ಲಾಸಿನೊಳಗೆ ಒಬ್ಬ ಕಪ್ಪು ಟೀಚರ್ ಸಿಕ್ಕಿದ್ದ ಕಪ್ಪು ಮಕ್ಕಳು ಕಾಲೇಜು ಸೇರುವ ಸಾಧ್ಯತೆ 13 ಪರ್ಸೆಂಟ್ ಜಾಸ್ತಿ.

ಪ್ರಶ್ನೆ: ಆ ಸಮುದಾಯಕ್ಕೆ ಓದಿನ ಆಸಕ್ತಿಯೇ ಇಲ್ಲ, ಅಲ್ವಾ?

ಉತ್ತರ: ಸುಳ್ಳು. 1932ರ ಹೊತ್ತಿಗೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗಾಗಿ ಸುಮಾರು 5,000 ರೋಸೆನ್‌ವಾಲ್ಡ್ ಶಾಲೆಗಳು ಎದ್ದಿದ್ದವು. ಉದ್ಯಮಿ ಜೂಲಿಯಸ್ ರೋಸೆನ್‌ವಾಲ್ಡ್ ಖರ್ಚಿನ ಒಂದು ಪಾಲು ಕೊಟ್ಟಿದ್ದರಿಂದ ಆ ಹೆಸರು. ಉಳಿದದ್ದಕ್ಕೆ ಕಪ್ಪು ಜನ ತೆರಿಗೆ ಕಟ್ಟಿದ ಮೇಲೂ ಕೈಯಿಂದ ದುಡ್ಡು ಹಾಕಿ, ಜಾಗ ಕೊಟ್ಟು, ಕೂಲಿ ಮಾಡಿ ನಿಲ್ಲಿಸಿದ ಶಾಲೆಗಳವು. ಈ ಪ್ರಶ್ನೆಯನ್ನು ದಯವಿಟ್ಟು ಇನ್ನು ಕಳಿಸಬೇಡಿ.