ವ್ಯಾಲೆಟ್ ಬಿಟ್ಟವರೆಲ್ಲ ಹೆದರಿದವರೇ?

ಮಾನ್ಯರೇ,

ಫೋನಿನಿಂದಲೇ ಹಣ ಪಾವತಿಸಲು ನೆರವಾಗುವ ಡಿಜಿಟಲ್ ವ್ಯಾಲೆಟ್‌ಗಳ ಬೆಳವಣಿಗೆಯ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ನೀವು ಬರೆದ ಪತ್ರ ತಲುಪಿದೆ. ವರ್ಷಗಟ್ಟಲೆ ವ್ಯಾಲೆಟ್ ಬಳಸುತ್ತಿದ್ದ ನಿಮ್ಮ ತಮ್ಮ ಈಗ ಅದನ್ನು ಫೋನಿನಿಂದಲೇ ತೆಗೆದುಹಾಕಿದ್ದಾರೆಂದೂ, ಹೀಗೆ ಬಿಡುವವರೆಲ್ಲ ತಂತ್ರಜ್ಞಾನಕ್ಕೆ ಅಂಜುವವರೇ ಎಂದೂ, ಆ್ಯಪ್ ತೆಗೆದರೆ ಖಾತೆಯೂ ಮುಗಿಯಿತೇ ಎಂದೂ ಕೇಳಿದ್ದೀರಿ.

ಮೊದಲ ಪ್ರಶ್ನೆಗೆ ನನ್ನ ಉತ್ತರ, ಅಲ್ಲ ಎಂಬುದು. ಅಂಜುವವರು ಸಾಮಾನ್ಯವಾಗಿ ಬಳಸಲು ಆರಂಭಿಸುವುದೇ ಇಲ್ಲ. ಆರಂಭಿಸಿ, ರೂಢಿ ಮಾಡಿಕೊಂಡು, ಆಮೇಲೆ ಬಿಟ್ಟವರಿಗೆ ತಮ್ಮದೇ ಅನುಭವದ ಆಧಾರವಿರುತ್ತದೆ. ಇಂಥವರು ಲೆಕ್ಕಕ್ಕೆ ಸಿಗುವುದು ಕಷ್ಟ, ಏಕೆಂದರೆ ಅವರ ಖಾತೆ ಹಾಗೆಯೇ ಉಳಿದಿರುತ್ತದೆ. ಮೊಬೈಲ್ ಸೇವಾ ಕಂಪನಿಗಳ ಜಾಗತಿಕ ಸಂಘಟನೆಯಾದ ಜಿಎಸ್‌ಎಂಎ ಪ್ರಕಟಿಸುವ ಅಂಕಿಅಂಶಗಳ ಪ್ರಕಾರ, 2024ರಲ್ಲಿ ಮೊಬೈಲ್ ಹಣದ, ಅಂದರೆ ಮೊಬೈಲ್ ಸಂಖ್ಯೆಗೆ ಜೋಡಿಸಿದ ಖಾತೆಯಲ್ಲಿ ಹಣವಿಟ್ಟು ಪಾವತಿಸುವ ಸೇವೆಯ, ನೋಂದಾಯಿತ ಖಾತೆಗಳು ಜಗತ್ತಿನಾದ್ಯಂತ 200 ಕೋಟಿ ದಾಟಿದ್ದರೂ, ತಿಂಗಳಿಗೊಮ್ಮೆಯಾದರೂ ಬಳಕೆಯಾಗುತ್ತಿದ್ದವು ಸುಮಾರು 50 ಕೋಟಿ ಮಾತ್ರ. ಉಳಿದ ಖಾತೆದಾರರೆಲ್ಲ ಬೇಸತ್ತು ಬಿಟ್ಟವರೆಂದು ಹೇಳಲಾಗದು. ಒಬ್ಬರೇ ಎರಡು ಮೂರು ಖಾತೆ ತೆರೆದಿರಬಹುದು, ತೆರೆದವರು ಒಮ್ಮೆಯೂ ಬಳಸದೆ ಇದ್ದಿರಬಹುದು. ಆದರೂ ಖಾತೆಗಳ ಸಂಖ್ಯೆಯನ್ನು ಬಳಕೆದಾರರ ಸಂಖ್ಯೆಯೆಂದು ಓದಬಾರದು ಎನ್ನುವುದಕ್ಕೆ ಈ ಅಂತರವೇ ಸಾಕು.

ಹೊಸ ಪದ್ಧತಿಗಳು ಸಮಾಜದಲ್ಲಿ ಹರಡುವ ಬಗೆಯನ್ನು ಅಧ್ಯಯನ ಮಾಡಿದ ಸಮಾಜವಿಜ್ಞಾನಿ ಎವರೆಟ್ ರೋಜರ್ಸ್, ಬಿಡುವುದರಲ್ಲಿ ಎರಡು ಬಗೆಗಳನ್ನು ಗುರುತಿಸಿದ್ದರು. ಇನ್ನೂ ಉತ್ತಮವಾದದ್ದು ಸಿಕ್ಕಿತೆಂದು ಬಿಡುವುದು ಒಂದು, ಬೇಸತ್ತು ಬಿಡುವುದು ಇನ್ನೊಂದು. ಮೊದಲನೆಯದರಲ್ಲಿ ದೂರುವಂಥದ್ದೇನೂ ಇಲ್ಲ. ಮುಂಗಡವಾಗಿ ಹಣ ತುಂಬಿಸಿಡಬೇಕಾದ ವ್ಯಾಲೆಟ್‌ನಿಂದ ಬ್ಯಾಂಕ್ ಖಾತೆಯಿಂದಲೇ ನೇರವಾಗಿ ಪಾವತಿಸುವ ವ್ಯವಸ್ಥೆಗೆ ಹೋದವರು ಡಿಜಿಟಲ್ ಪಾವತಿಯನ್ನೇನೂ ತೊರೆದಿಲ್ಲ. ಕ್ಯಾಶ್‌ಬ್ಯಾಕ್‌ಗಾಗಿ ಬಂದವರು ಅದು ನಿಂತಾಗ ಹೊರಡುವುದೂ ಸಹಜವೇ.

ನಿಜವಾಗಿ ಯೋಚಿಸಬೇಕಾದದ್ದು ಎರಡನೆಯ ಬಗೆಯನ್ನು. ಒಂದು ಪಾವತಿ ಮುಗಿಯಬೇಕಾದರೆ ವ್ಯಾಲೆಟ್ ಕಂಪನಿ, ಹಣ ಕೊಡುವವರ ಬ್ಯಾಂಕ್, ನಡುವಿನ ಜಾಲ, ಹಣ ಪಡೆಯುವವರ ಬ್ಯಾಂಕ್ ಇವಿಷ್ಟೂ ಕೆಲವೇ ಕ್ಷಣಗಳಲ್ಲಿ ಒಂದಕ್ಕೊಂದು ಉತ್ತರಿಸಬೇಕು. ಅವುಗಳಲ್ಲೊಂದರಿಂದ ಉತ್ತರ ತಡವಾದರೂ ಹಣ ಕೊಟ್ಟವರ ಖಾತೆಯಿಂದ ಕಡಿತವಾಗಿ, ಪಡೆಯುವವರ ಖಾತೆಗೆ ಜಮೆಯಾಗದೆ ನಿಂತುಬಿಡಬಹುದು. ಬಹುತೇಕ ಸಂದರ್ಭಗಳಲ್ಲಿ ಆ ಹಣ ಹಿಂದಿರುಗುತ್ತದೆ ಎಂಬುದು ನಿಜ. ಆದರೆ ಹಿಂದಿರುಗುವವರೆಗೆ ಆ ವ್ಯಕ್ತಿಯ ಪಾಡೇನು? ವ್ಯಾಲೆಟ್‌ನವರು ಬ್ಯಾಂಕನ್ನು ಕೇಳಿ ಎನ್ನುತ್ತಾರೆ, ಬ್ಯಾಂಕಿನವರು ವ್ಯಾಲೆಟ್‌ನವರನ್ನು ಕೇಳಿ ಎನ್ನುತ್ತಾರೆ, ಸಹಾಯವಾಣಿಯಲ್ಲಿ ಯಂತ್ರವೊಂದು ಅದೇ ಆಯ್ಕೆಗಳನ್ನು ಮತ್ತೆ ಮತ್ತೆ ಓದುತ್ತದೆ. ಆ ಮೊತ್ತವೇ ತಿಂಗಳ ಕೊನೆಯ ಹಣವಾಗಿದ್ದವರಿಗೆ ಇದು ಸಣ್ಣ ತೊಂದರೆಯಲ್ಲ. ಫೋನ್ ಕಳೆದಾಗ, ಮೊಬೈಲ್ ಸಂಖ್ಯೆ ಬದಲಾದಾಗ, ಅನುಮಾನದ ವಹಿವಾಟೆಂದು ಖಾತೆಯನ್ನು ಏಕಾಏಕಿ ತಡೆಹಿಡಿದಾಗ ಆಗುವುದೂ ಇದೇ: ಹಣ ತಮ್ಮದು, ಆದರೆ ಅದನ್ನು ಮುಟ್ಟಲು ಯಾರನ್ನು ಕೇಳಬೇಕೆಂದೇ ತಿಳಿಯದು.

ಆರಂಭಿಸಲು ಬೇಕಾದ ಕಾರಣಗಳೂ ಮುಂದುವರಿಸಲು ಬೇಕಾದ ಕಾರಣಗಳೂ ಒಂದೇ ಅಲ್ಲ ಎಂಬುದನ್ನು ಸಂಶೋಧಕರೂ ಕಂಡುಕೊಂಡಿದ್ದಾರೆ. ಮಾಹಿತಿ ತಂತ್ರಜ್ಞಾನದ ಬಳಕೆಯನ್ನು ಕುರಿತು 2001ರಲ್ಲಿ ಅನೋಲ್ ಭಟ್ಟಾಚಾರ್ಜಿ ಮಂಡಿಸಿದ ಮಾದರಿಯ ಪ್ರಕಾರ, ಬಳಕೆ ಮುಂದುವರಿಯುವುದು ಮುಖ್ಯವಾಗಿ ತೃಪ್ತಿಯಿಂದ; ಆ ತೃಪ್ತಿ ಹುಟ್ಟುವುದು ಮೊದಲಿಗೆ ಇಟ್ಟುಕೊಂಡ ನಿರೀಕ್ಷೆ ಬಳಸುವಾಗ ನಿಜವಾಯಿತೇ ಎಂಬುದರಿಂದ. ಕಂಪನಿಗಳು ಖಾತೆ ತೆರೆಯುವ ದಾರಿಯನ್ನು ಸುಗಮಗೊಳಿಸಲು ತೋರುವ ಶ್ರದ್ಧೆಯನ್ನು ದೂರು ಕೇಳುವ ವ್ಯವಸ್ಥೆಗೂ ತೋರಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಭಯಕ್ಕೆ ಇಲ್ಲಿ ಸ್ಥಾನವೇ ಇಲ್ಲವೆಂದಲ್ಲ. ಕಾರ್ಡ್ ಸಂಖ್ಯೆಯ ಬದಲು ಟೋಕನ್, ಅಂದರೆ ಅದರ ಸ್ಥಾನದಲ್ಲಿ ನಿಲ್ಲುವ ಬೇರೊಂದು ಸಂಖ್ಯೆಯನ್ನು, ಕಳುಹಿಸುವ ವ್ಯಾಲೆಟ್‌ಗಳಲ್ಲಿ ಮಾರಾಟಗಾರರಿಗೆ ನಿಜವಾದ ಸಂಖ್ಯೆ ಸಿಗುವುದೇ ಇಲ್ಲ, ಆ ಮಟ್ಟಿಗೆ ಅವು ಹೆಚ್ಚು ಸುರಕ್ಷಿತ. ಆದರೆ ವಂಚಕರು ತಂತ್ರಜ್ಞಾನವನ್ನು ಮುರಿಯುವ ಗೋಜಿಗೆ ಹೋಗದೆ, ಮನುಷ್ಯನನ್ನೇ ನಂಬಿಸಿ ಅವನ ಕೈಯಿಂದಲೇ ಪಿನ್ ಒತ್ತಿಸುತ್ತಾರೆ. ಹಾಗೆ ತಾನೇ ಒಪ್ಪಿಗೆ ಕೊಟ್ಟು ಕಳೆದುಕೊಂಡ ಹಣವನ್ನು ಹಿಂಪಡೆಯುವುದು ಬಹಳ ಕಷ್ಟ. ಒಮ್ಮೆ ಹೀಗೆ ಪೆಟ್ಟು ತಿಂದವರ ಹಿಂಜರಿಕೆಯನ್ನು ಅಜ್ಞಾನವೆನ್ನುವುದು ಅನ್ಯಾಯ.

ಖರ್ಚಿಗೆ ಕಡಿವಾಣ ಹಾಕಿಕೊಳ್ಳಲೆಂದು ಬಿಟ್ಟವರೂ ಇದ್ದಾರೆ. ಹಣ ಕೊಡುವಾಗ ಮನಸ್ಸಿಗಾಗುವ ನೋವಿನ ಚುರುಕನ್ನು ಸಂಶೋಧಕರಾದ ಡ್ರೇಜನ್ ಪ್ರೆಲೆಕ್ ಮತ್ತು ಜಾರ್ಜ್ ಲೋವೆನ್‌ಸ್ಟೈನ್ 1998ರಲ್ಲೇ ವಿವರಿಸಿದ್ದರು. ಬೆರಳಿನ ಒಂದು ಸ್ಪರ್ಶದಲ್ಲಿ ಪಾವತಿ ಮುಗಿದುಹೋದಾಗ ಆ ಚುರುಕು ಅಷ್ಟಾಗಿ ತಾಗುವುದಿಲ್ಲ, ಖರ್ಚು ಕೈಮೀರಿದ್ದು ತಡವಾಗಿ ತಿಳಿಯುತ್ತದೆ. ಇದನ್ನು ತಾವಾಗಿಯೇ ಗಮನಿಸಿ ನೋಟು ನಾಣ್ಯಕ್ಕೆ ಮರಳಿದವರ ವಿವೇಕವನ್ನು ನಾನು ಗೌರವಿಸುತ್ತೇನೆ.

ಇನ್ನು ನಿಮ್ಮ ತಮ್ಮನವರ ಖಾತೆಯ ವಿಷಯ. ಆ್ಯಪ್ ತೆಗೆದುಹಾಕಿದ ಮಾತ್ರಕ್ಕೆ ಖಾತೆ ಮುಚ್ಚುವುದಿಲ್ಲ. ಅದರಲ್ಲಿರುವ ಹಣ, ಜೋಡಿಸಿದ ಕಾರ್ಡು, ನಿಗದಿತ ದಿನಕ್ಕೆ ತಾನಾಗಿ ಕಡಿತವಾಗುವ ಪಾವತಿಗಳ ಒಪ್ಪಿಗೆ ಎಲ್ಲವೂ ಹಾಗೆಯೇ ಇರಬಹುದು. ಬಹುಕಾಲ ಬಳಸದ ಖಾತೆಗೆ ಶುಲ್ಕ ವಿಧಿಸುವ ಕಂಪನಿಗಳೂ ಇವೆ. ಆದ್ದರಿಂದ ಅವರು ಒಮ್ಮೆ ಮತ್ತೆ ಲಾಗಿನ್ ಆಗಿ, ಉಳಿದ ಹಣವನ್ನು ಬ್ಯಾಂಕಿಗೆ ವರ್ಗಾಯಿಸಿ, ಆ ಒಪ್ಪಿಗೆಗಳನ್ನು ರದ್ದುಪಡಿಸಿ, ವಹಿವಾಟಿನ ವಿವರಪಟ್ಟಿಯನ್ನು ಉಳಿಸಿಕೊಂಡು, ಖಾತೆ ಮುಚ್ಚುವಂತೆ ಲಿಖಿತವಾಗಿ ಕೋರಿ, ಅದಕ್ಕೆ ಬರುವ ಉತ್ತರವನ್ನು ಕಾಪಿಟ್ಟುಕೊಳ್ಳಲಿ.

– ಸಂಪಾದಕ