ಲೋಗೋ, ಫೋಟೋ, ಬ್ಯಾನರ್ ಫೈಲ್‌ಗಳನ್ನೆಲ್ಲ ಒಂದು ಕಡೆ ಇಡೋದು ಹೇಗೆ?

ನಿಮ್ಮದು ಮಸಾಲೆ ಪುಡಿ ಕಂಪನಿ, ಡೀಲರ್‌ಗಳು ಹೆಚ್ಚುತ್ತಿದ್ದಾರೆ, ಫೋಟೋ, ಲೋಗೋ, ಬ್ಯಾನರ್ ಎಲ್ಲ ಒಬ್ಬೊಬ್ಬರ ಫೋನಿನಲ್ಲಿ ಚೆಲ್ಲಾಪಿಲ್ಲಿಯಾಗಿವೆ, ಯಾವ ಸಾಫ್ಟ್‌ವೇರ್ ತಗೋಬೇಕು ಅಂತ ಕೇಳಿದ್ದೀರಿ. ನಾನು ಒಂದು ಕುರುಕಲು ತಿಂಡಿ ಕಂಪನಿಯಲ್ಲಿ ಇದೇ ಕೆಲಸ ನೋಡಿಕೊಳ್ಳುತ್ತೇನೆ. ಸಾಫ್ಟ್‌ವೇರ್ ಆಮೇಲೆ. ಮೊದಲು ಈ ಫೈಲ್‌ಗಳ ಜವಾಬ್ದಾರಿ ಒಬ್ಬರಿಗೆ ಕೊಡಿ. ಹಾಕುವುದು, ತೆಗೆಯುವುದು ಅವರೊಬ್ಬರೇ. ಉಳಿದವರು ನೋಡಬಹುದು, ಇಳಿಸಿಕೊಳ್ಳಬಹುದು, ಅಷ್ಟೇ.

ಸದ್ಯಕ್ಕೆ ಗೂಗಲ್ ಡ್ರೈವ್ ಸಾಕು. ಆದರೆ ಯಾರದೋ ಸ್ವಂತ ಜಿಮೇಲ್‌ನಲ್ಲಿ ಬೇಡ. ಅಲ್ಲಿ ಪುಕ್ಕಟೆ ಸಿಗುವ 15 ಜಿಬಿಯನ್ನು ಅವರ ಮೇಲ್, ಫೋಟೋಗಳೂ ಹಂಚಿಕೊಳ್ಳುತ್ತವೆ. ಅವರು ಕೆಲಸ ಬಿಟ್ಟರೆ ಫೈಲ್‌ಗಳೂ ಅವರ ಜೊತೆಗೇ ಹೋದ ಹಾಗೆ. ಕಂಪನಿ ಹೆಸರಿನಲ್ಲಿ ವರ್ಕ್‌ಸ್ಪೇಸ್ ಖಾತೆ (ಗೂಗಲ್ ಕಂಪನಿಗಳಿಗೆ ದುಡ್ಡಿಗೆ ಕೊಡುವ ಖಾತೆ) ತಗೊಂಡು ಶೇರ್ಡ್ ಡ್ರೈವ್, ಅಂದರೆ ಎಲ್ಲರಿಗೂ ಸೇರಿದ ಡ್ರೈವ್ ಮಾಡಿ. ಅದರಲ್ಲಿ ಹಾಕಿದ್ದು ಕಂಪನಿಯದೇ ಆಗಿರುತ್ತದೆ.

ಎರಡು ದೊಡ್ಡ ಫೋಲ್ಡರ್ ಇರಲಿ. ಒಂದು ಡಿಸೈನರ್ ಕೆಲಸ ಮಾಡುವುದು, ಇನ್ನೊಂದು ಡೀಲರ್‌ಗೆ ಕೊಡುವುದು. ಎರಡನೆಯದರಲ್ಲಿ ಇವತ್ತು ಚಾಲ್ತಿಯಲ್ಲಿರುವುದು ಮಾತ್ರ ಇರಬೇಕು. ಹಳೆ ಎಂಆರ್‌ಪಿ ಇರುವ ಪ್ಯಾಕೆಟ್ ಫೋಟೋ ಅಲ್ಲಿ ಉಳಿದುಬಿಟ್ಟರೆ ಅದೇ ಬ್ಯಾನರ್ ಮೇಲೆ ಹೋಗುತ್ತದೆ, ಆಮೇಲೆ ಅಂಗಡಿಯಲ್ಲಿ ಗಿರಾಕಿ ಜಗಳ. ಫೈಲ್ ಹೆಸರಿಗೆ ‘ಫೈನಲ್’, ‘ಫೈನಲ್ ನ್ಯೂ’ ಅಂತೆಲ್ಲ ಬೇಡವೇ ಬೇಡ. ಪದಾರ್ಥ, ತೂಕ, ವರ್ಷ, ತಿಂಗಳು ಸಾಕು: ‘ಸಾರಿನಪುಡಿ-200ಗ್ರಾಂ-2025-03’.

ಕೆಲವು ಫೈಲ್ ಆಗಾಗ ಬದಲಾಗುತ್ತವೆ, ರೇಟ್ ಕಾರ್ಡ್ ಇದ್ದ ಹಾಗೆ. ಅಂಥದ್ದಕ್ಕೆ ಹೆಸರಿನಲ್ಲಿ ತಿಂಗಳೂ ಬೇಡ. ಹೊಸ ಪಿಡಿಎಫ್ ಬಂದಾಗ ಹಳೆಯದನ್ನು ಅಳಿಸಬೇಡಿ. ಡ್ರೈವ್‌ನಲ್ಲಿ ‘ಮ್ಯಾನೇಜ್ ವರ್ಷನ್ಸ್’ ಅಂತ ಇದೆ, ಅಲ್ಲೇ ಹೊಸದನ್ನು ಏರಿಸಿ. ಲಿಂಕ್ ಬದಲಾಗುವುದಿಲ್ಲ. ಹೋದ ವರ್ಷ ಕಳಿಸಿದ ಲಿಂಕ್ ಒತ್ತಿದರೂ ಡೀಲರ್‌ಗೆ ಹೊಸ ರೇಟೇ ಕಾಣುತ್ತದೆ.

ವಾಟ್ಸಾಪ್ ಬಿಡಿಸೋಕೆ ಹೋಗಬೇಡಿ, ಆಗಲ್ಲ. ಅದರಲ್ಲಿ ಲಿಂಕ್ ಕಳಿಸಿ. ಫೋಟೋನೇ ಕಳಿಸಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ, ಫ್ಲೆಕ್ಸ್ ಮೇಲೆ ಹಾಕಿದಾಗ ಚೌಕ ಚೌಕ ಕಾಣುತ್ತದೆ.

ಇನ್ನು ನಮ್ಮ ಕಡೆಯ ನಿಜವಾದ ತಲೆನೋವು ಕನ್ನಡ ಅಕ್ಷರ. ಪ್ರಿಂಟಿಂಗ್ ಅಂಗಡಿಗಳಲ್ಲಿ ಇವತ್ತಿಗೂ ಕೋರೆಲ್‌ಡ್ರಾ ಅನ್ನುವ ಡಿಸೈನ್ ತಂತ್ರಾಂಶದಲ್ಲಿ, ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್ ಬಳಸುವವರು ಜಾಸ್ತಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ನಿಮ್ಮ ಕಂಪನಿ ಹೆಸರು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಹಾಗಾಗಿ ಡಿಸೈನರ್ ಹತ್ತಿರ ಎರಡು ಪ್ರತಿ ಕೇಳಿ ತಗೊಳ್ಳಿ. ಒಂದು, ತಿದ್ದುವುದಕ್ಕೆ ಬರುವ ಮೂಲ ಫೈಲ್. ಇನ್ನೊಂದು, ಅಕ್ಷರಗಳನ್ನೆಲ್ಲ ಕರ್ವ್ಸ್ ಮಾಡಿದ, ಅಂದರೆ ಫಾಂಟ್ ಇಲ್ಲದಿದ್ದರೂ ಸರಿಯಾಗಿ ಕಾಣುವ ಹಾಗೆ ಚಿತ್ರದ ಗೆರೆಗಳಾಗಿ ಬದಲಿಸಿದ ಪಿಡಿಎಫ್. ಹೊರಗೆ ಹೋಗುವುದು ಎರಡನೆಯದು ಮಾತ್ರ. ಬ್ಯಾನರಿನ ಮಾತುಗಳನ್ನು ಯೂನಿಕೋಡ್‌ನಲ್ಲಿ (ಎಲ್ಲ ಫೋನ್, ಕಂಪ್ಯೂಟರ್‌ಗಳಲ್ಲೂ ಓದಲು ಬರುವ ಕನ್ನಡದಲ್ಲಿ) ಬೇರೆಯಾಗಿ ಟೈಪ್ ಮಾಡಿಡಿ, ಫೇಸ್‌ಬುಕ್‌ಗೆ, ವೆಬ್‌ಸೈಟ್‌ಗೆ ಮತ್ತೆ ಟೈಪ್ ಮಾಡೋದು ತಪ್ಪುತ್ತದೆ. ಅಂಗಡಿ ಬೋರ್ಡಿನ ಡಿಸೈನನ್ನೂ ಡೀಲರ್‌ಗಳಿಗೆ ನೀವೇ ಕೊಡಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಆದಮೇಲೆ ಕರ್ನಾಟಕದಲ್ಲಿ ನಾಮಫಲಕದ ಶೇ 60 ಭಾಗ ಕನ್ನಡ ಇರಲೇಬೇಕು. ಒಬ್ಬೊಬ್ಬ ಡೀಲರ್ ಒಂದೊಂದು ಥರ ಬರೆಸಿದರೆ ನಿಮ್ಮ ಹೆಸರಿನ ಕಾಗುಣಿತವೇ ಊರಿಗೊಂದು ಆಗುತ್ತದೆ.

ಲೋಗೋ ಎಸ್‌ವಿಜಿ (ಎಷ್ಟು ದೊಡ್ಡದು ಮಾಡಿದರೂ ಒಡೆಯದ ಫೈಲ್) ಅಥವಾ ಪಿಡಿಎಫ್‌ನಲ್ಲಿ ಒಂದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಒಂದು. ಅದರ ಬಗ್ಗೆ ಜಾಸ್ತಿ ಹೇಳೋದೇನಿಲ್ಲ.

ಇಂಥ ಫೈಲ್‌ಗಳನ್ನು ಜೋಡಿಸಿಡೋಕೆ ಅಂತಲೇ ದುಡ್ಡು ಕೊಟ್ಟು ತಗೊಳ್ಳುವ ಬೈಂಡರ್, ಬ್ರ್ಯಾಂಡ್‌ಫೋಲ್ಡರ್ ಥರದ ಸಾಫ್ಟ್‌ವೇರ್ ನಿಮಗೆ ಈಗಲೇ ಬೇಡ ಅನ್ನೋದು ನನ್ನ ಅಭಿಪ್ರಾಯ. ಫೋಟೋಗಳು ಸಾವಿರಗಟ್ಟಲೆ ಆಗಿ, ಫೋಲ್ಡರ್‌ನಲ್ಲಿ ಹುಡುಕೋದು ಕಷ್ಟ ಅನ್ನಿಸಿದಾಗ ನೋಡಿ. ಇದೇ ಕೆಲಸಕ್ಕೆ ರಿಸೋರ್ಸ್‌ಸ್ಪೇಸ್ ಅಂತ ಓಪನ್ ಸೋರ್ಸ್ ಒಂದಿದೆ, ತಂತ್ರಾಂಶಕ್ಕೆ ದುಡ್ಡಿಲ್ಲ, ಆದರೆ ಸರ್ವರ್ ನೋಡಿಕೊಳ್ಳುವ ಹುಡುಗ ಬೇಕು.