ಆಪರೇಷನ್ ಆದಮೇಲೆ ಕರುಳಿನ ಕರೆಂಟು ಹೋಗಿರುತ್ತದೆಯೇ?

ಅಣ್ಣನಿಗೆ ಹೊಟ್ಟೆಯ ಆಪರೇಷನ್ ಆಗಿ ಎರಡು ದಿನ ಆಯಿತು, ‘ಕರುಳು ಇನ್ನೂ ಎದ್ದಿಲ್ಲ, ಗಾಳಿ ಹೋಗಲಿ, ಆಮೇಲೆ ಗಂಜಿ’ ಅಂತ ಡಾಕ್ಟರು ಹೇಳಿದರು, ಹಾಗಾದರೆ ನರದಿಂದ ಬರುವ ಕರೆಂಟು ನಿಂತುಹೋಗಿದೆಯಾ ಅಂತ ಕೇಳಿದ್ದೀರಿ.

ಇಲ್ಲ. ಆ ಕರೆಂಟು ನರದ್ದೇ ಅಲ್ಲ, ಅದಕ್ಕೇ ನಿಂತಿಲ್ಲ.

ನಾನು ಡಾಕ್ಟರಲ್ಲ. ಶಿವಮೊಗ್ಗದಲ್ಲಿ ಫಾರ್ಮಸಿ ಓದುವ ಹುಡುಗರಿಗೆ ಬಹಳ ವರ್ಷ ಪ್ರಾಕ್ಟಿಕಲ್ ಮಾಡಿಸಿದವನು. ಆಗ ಮೊಲದ ಸಣ್ಣಕರುಳಿನ ಒಂದು ತುಂಡನ್ನು 37 ಡಿಗ್ರಿ ಬಿಸಿಯ ಉಪ್ಪುನೀರಿನಲ್ಲಿ ತೂಗುಹಾಕಿ, ಕೆಳಗಿನಿಂದ ಗಾಳಿಗುಳ್ಳೆ ಬಿಡುತ್ತಿದ್ದೆವು. ಮೆದುಳಿಲ್ಲ, ಬೆನ್ನುಹುರಿ ಇಲ್ಲ, ಆದರೂ ತುಂಡು ತನ್ನ ಪಾಡಿಗೆ ಕುಗ್ಗಿ ಹಿಗ್ಗಿ, ಮಸಿ ಹಿಡಿಸಿದ ಡ್ರಮ್ಮಿನ ಮೇಲೆ ಗೀರು ಎಳೆಯುತ್ತಿತ್ತು. ಆಷಾಢದ ಮಳೆಗೆ ಲೈನು ಹೋದಾಗ ಗಾಳಿಯ ಪಂಪು ನಿಂತು, ಗೀರು ಸಣ್ಣದಾಗುತ್ತಾ ಸಪಾಟಾಗುತ್ತಿತ್ತು. ಕರೆಂಟು ಹೋಗಿ ಕರುಳು ನಿಂತದ್ದನ್ನು ನಾನು ಕಂಡಿದ್ದು ಹಾಗೊಂದೇ!

ತುಂಡಿನೊಳಗೂ ನರ ಇರುತ್ತದಲ್ಲ ಎನ್ನಬಹುದು. ನಿಜ, ಕರುಳಿನ ಗೋಡೆಯಲ್ಲೇ ಕೋಟಿಗಟ್ಟಲೆ ನರಕೋಶಗಳ ಎರಡು ಬಲೆಗಳಿವೆ. ಆದರೆ ಪಫರ್ ಮೀನಿನ ವಿಷ ಹಾಕಿ ಆ ನರಗಳನ್ನು ಸುಮ್ಮನಾಗಿಸಿದರೂ ಸ್ನಾಯುವಿನ ನಿಧಾನದ ವಿದ್ಯುತ್ ಅಲೆಗಳು ನಿಲ್ಲುವುದಿಲ್ಲ. ಅಲೆ ಎಬ್ಬಿಸುವವು ಸ್ನಾಯುವಿನ ಪದರಗಳ ನಡುವೆ ಕೂತಿರುವ ಕಹಾಲ್ ಕೋಶಗಳು. ಸ್ಪೇನಿನ ವಿಜ್ಞಾನಿ ಕಹಾಲ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇವನ್ನು ಗುರುತಿಸಿದಾಗ ನರಕೋಶಗಳೆಂದೇ ತಿಳಿದಿದ್ದರು. ಮನುಷ್ಯನ ಜಠರದಲ್ಲಿ ನಿಮಿಷಕ್ಕೆ 3 ಅಲೆ, ಸಣ್ಣಕರುಳಿನ ಮೊದಲ ಭಾಗವಾದ ಡುಯೋಡಿನಮ್ಮಿನಲ್ಲಿ 12, ಸಣ್ಣಕರುಳಿನ ಕೊನೆಗೆ 8–9. ನೀವು ಉಂಡರೂ ಉಪವಾಸವಿದ್ದರೂ ಈ ಎಣಿಕೆ ಹೆಚ್ಚುಕಮ್ಮಿ ಇಷ್ಟೇ.

ಹಾಗಾದರೆ ನರಕ್ಕೇನು ಕೆಲಸ? ಸೊರಬದ ಕಡೆಯ ಕೆರೆ ನೋಡಿದವರಿಗೆ ಹೇಳುವುದು ಸುಲಭ. ಕೆರೆಯಲ್ಲಿ ಅಲೆ ಯಾವಾಗಲೂ ಇರುತ್ತದೆ. ನೀರು ತಳದಲ್ಲಿದ್ದರೆ ಅಲೆ ಎದ್ದರೂ ಕೋಡಿ ಹರಿಯುವುದಿಲ್ಲ. ಕೋಡಿಯ ಮಟ್ಟಕ್ಕೆ ತುಂಬಿ ನಿಂತಿದ್ದರೆ ಒಂದೊಂದು ಅಲೆಗೂ ಒಂದಿಷ್ಟು ನೀರು ಆಚೆ ಚೆಲ್ಲುತ್ತದೆ. ಕರುಳಿನಲ್ಲಿ ನೀರಿನ ಮಟ್ಟ ಅಂದರೆ ಸ್ನಾಯುಕೋಶದ ಒಳಗಿನ ವೋಲ್ಟೇಜು, ಸುಮಾರು ಮೈನಸ್ 55 ಮಿಲಿವೋಲ್ಟ್, ಕೋಡಿ ಇರುವುದು ಮೈನಸ್ 40ರ ಹತ್ತಿರ. ಅಲೆಯ ನೆತ್ತಿ ಅದನ್ನು ದಾಟಿದರೆ ಮೇಲೆ ಚುಚ್ಚುಚುಚ್ಚಾಗಿ ಸ್ಪೈಕುಗಳು ಏಳುತ್ತವೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಸ್ನಾಯು ಹಿಂಡುತ್ತದೆ. ದಾಟದಿದ್ದರೆ ಅಲೆ ಬಂದು ಹೋದದ್ದೇ ಬಂತು.

ನರದ ಕೈಯಲ್ಲಿರುವುದು ಈ ನೀರಿನ ಮಟ್ಟ. ಒಂದು ಬಗೆಯ ನರ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಟ್ಟು ಕೆರೆ ತುಂಬಿಸುತ್ತದೆ. ಇನ್ನೊಂದು ಬಗೆಯದು ನೈಟ್ರಿಕ್ ಆಕ್ಸೈಡ್, ಎಟಿಪಿಯಂಥವನ್ನು ಬಿಟ್ಟು ತೂಬು ಎತ್ತುತ್ತದೆ: ಪೊಟ್ಯಾಸಿಯಂ ಹೊರಗೆ ಹರಿದು ಮಟ್ಟ ಇಳಿಯುತ್ತದೆ. ಎರಡೂ ಒಟ್ಟಿಗೆ ಬೇಕು. ತುತ್ತಿನ ಹಿಂದೆ ಹಿಂಡಬೇಕು, ಮುಂದೆ ಸಡಿಲಬಿಟ್ಟು ದಾರಿ ಕೊಡಬೇಕು. ಇಂಗ್ಲೆಂಡಿನ ವಿಜ್ಞಾನಿಗಳಾದ ಬೇಲಿಸ್ ಮತ್ತು ಸ್ಟಾರ್ಲಿಂಗ್ 1899ರಲ್ಲೇ ನಾಯಿಯ ಕರುಳಿನಲ್ಲಿ ಇದನ್ನು ತೋರಿಸಿದ್ದರು.

ನನ್ನ ಕೇಳಿದರೆ ತೂಬಿನ ಕೆಲಸವೇ ದೊಡ್ಡದು. ಹಿರ್ಶ್‌ಸ್ಪ್ರುಂಗ್ ಕಾಯಿಲೆ ಅಂತ ಇದೆ, ಹುಟ್ಟುವಾಗಲೇ ದೊಡ್ಡಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇರುವುದಿಲ್ಲ. ನರವಿಲ್ಲದ ಭಾಗ ಜೋತುಬೀಳಬೇಕು ಅಂತ ಹುಡುಗರೆಲ್ಲ ಬರೆಯುತ್ತಿದ್ದರು. ಆಗುವುದು ತಿರುಗಾಮುರುಗಾ: ಆ ಭಾಗ ಮುಷ್ಟಿ ಕಟ್ಟಿದ ಹಾಗೆ ಬಿಗಿದು ನಿಲ್ಲುತ್ತದೆ, ಸಡಿಲಿಸು ಎನ್ನುವವರೇ ಇಲ್ಲವಲ್ಲ. ಅದರ ಮೇಲಿನ ಭಾಗ ಉಬ್ಬಿ ದೊಡ್ಡದಾಗಿರುತ್ತದೆ, ನೋಡಿದವರಿಗೆ ಅದೇ ರೋಗದ್ದು ಅನ್ನಿಸುತ್ತದೆ. ನಿಜಕ್ಕೆ ಅದರಲ್ಲಿ ನರ ಸರಿಯಾಗಿಯೇ ಇರುತ್ತದೆ.

ಈಗ ನಿಮ್ಮ ಅಣ್ಣನ ವಿಷಯ. ಹೊಟ್ಟೆ ತೆರೆದು ಕರುಳನ್ನು ಮುಟ್ಟಿದಾಗ, ಮೈ ಗಾಬರಿಯಾದಾಗ ಚುರುಕಾಗುವ ಸಿಂಪಥೆಟಿಕ್ ನರಗಳು ನಾರ್‌ಅಡ್ರಿನಲಿನ್ ಸುರಿಸುತ್ತವೆ. ಕೆರೆ ತುಂಬಿಸುವ ನರಗಳ ಬಾಯಿ ಅದರಿಂದ ಕಟ್ಟುತ್ತದೆ. ಮುಟ್ಟಿದ ಕಡೆ ಉರಿಯೂತ ಬೇರೆ. ನೋವಿಗೆ ಮಾರ್ಫಿನ್ ಜಾತಿಯ ಔಷಧ ಕೊಟ್ಟಿದ್ದರೆ ಅದೂ ಅಸಿಟೈಲ್‌ಕೋಲಿನ್ ಬಿಡಲು ಬಿಡುವುದಿಲ್ಲ. ಕೆರೆ ಇಳಿದಿದೆ ಅಷ್ಟೇ, ಅಲೆ ಒಳಗೆ ಏಳುತ್ತಲೇ ಇದೆ. ಸಣ್ಣಕರುಳು ಸಾಮಾನ್ಯವಾಗಿ ಒಂದು ದಿನದೊಳಗೆ ಸರಿಹೋಗುತ್ತದೆ, ಜಠರಕ್ಕೆ ಒಂದೆರಡು ದಿನ, ದೊಡ್ಡಕರುಳಿಗೆ ಎರಡು ಮೂರು ದಿನ. ಕೊನೆಗೆ ಏಳುವುದು ದೊಡ್ಡಕರುಳು, ಗಾಳಿ ಹೊರಬಂದರೆ ಅದೂ ಎದ್ದಿದೆ ಎಂದು ಗೊತ್ತಾಗುತ್ತದೆ. ಡಾಕ್ಟರು ಕಾಯುತ್ತಿರುವುದು ಅದಕ್ಕೇ. ಹೊಟ್ಟೆ ಉಬ್ಬುತ್ತಾ ಹೋದರೆ, ವಾಂತಿಯಾದರೆ ಮಾತ್ರ ಕೂಡಲೇ ಅವರಿಗೆ ಹೇಳಿ.

ಕೆಲವು ಕಡೆ ರೋಗಿಗೆ ಚ್ಯೂಯಿಂಗ್ ಗಮ್ ಜಗಿಯಲು ಕೊಡುತ್ತಾರೆ. ಬಾಯಾಡಿಸಿದರೆ ಊಟ ಬಂತೆಂದು, ಮೆದುಳಿನಿಂದ ಹೊಟ್ಟೆಗೆ ಇಳಿಯುವ ವೇಗಸ್ ನರ ಎಚ್ಚರವಾಗಿ ಕರುಳನ್ನು ಎಬ್ಬಿಸಲಿ ಎಂದು. ಜಗಿಯುವುದೇ ಮುಖ್ಯ ತಾನೇ ಅಂತ ಅಣ್ಣನಿಗೆ ಎಲೆ ಅಡಿಕೆಯ ಕವಳ ಕಟ್ಟಿಕೊಂಡು ಹೋಗಬೇಡಿ ಮತ್ತೆ.